ಒಂದು ಇಂಚು ಮಳೆ ಎಲ್ಲಿ ಹೋಯಿತು? ನಂಪೈ 1 ಮತ್ತು 2 ಎರಡಕ್ಕೂ ನನ್ನ ಲೈಬ್ರರಿ ಹೊಂದಿಸಿದ ಏಳು ತಿಂಗಳು

2025ರ ಜನವರಿಯಲ್ಲಿ ನನ್ನ ಲೈಬ್ರರಿಯ, ಅಂದರೆ ಬೇರೆಯವರೂ ತಮ್ಮ ಪ್ರೋಗ್ರಾಮಿನಲ್ಲಿ ಬಳಸಬಹುದಾದ ಕೋಡಿನ, ಹೊಸ ರಿಲೀಸ್ ಮಾಡಿದೆ. ನಂಪೈ ಅಂದರೆ ಪೈಥಾನ್ ಭಾಷೆಯಲ್ಲಿ ಸಂಖ್ಯೆಗಳ ರಾಶಿಯನ್ನು ವೇಗವಾಗಿ ಲೆಕ್ಕ ಹಾಕುವ ಲೈಬ್ರರಿ, ನನ್ನದು ಅದರ ಮೇಲೆ ನಿಂತಿದೆ. ನಂಪೈ 1.21 ಇರುವ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ, 2.2 ಹಾಕಿಕೊಂಡವರ ಹೊಸ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಹೇಳೋದಕ್ಕೆ ಒಂದೇ ಸಾಲು. ಅಲ್ಲಿಗೆ ಮುಟ್ಟೋದಕ್ಕೆ ಏಳು ತಿಂಗಳು ಹಿಡಿಯಿತು. ನಡುವೆ ಒಮ್ಮೆ ತಪ್ಪು ಲೆಕ್ಕ ಕೊಡುವ ವರ್ಷನ್ ಅನ್ನೇ ಜನರ ಕೈಗೆ ಕೊಟ್ಟಿದ್ದೆ. ಇದೇ ದಾರಿಯಲ್ಲಿ ಹೊರಟವರು ಇನ್ನೂ ತುಂಬ ಜನ ಇದ್ದಾರೆ. ಅವರಿಗೆ ಸ್ವಲ್ಪ ಕಷ್ಟ ಕಮ್ಮಿಯಾಗಲಿ ಅಂತ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಲೈಬ್ರರಿ ಏನು ಅಂತ ಹೇಳಿಬಿಡುತ್ತೇನೆ, ಮುಂದಿನದಕ್ಕೆ ಅದು ಬೇಕು. ಮೂಡಿಗೆರೆ ಹತ್ತಿರ ನನ್ನ ಸೋದರಮಾವನ ಕಾಫಿ ತೋಟ ಇದೆ. ಆ ಕಡೆ ತೋಟದವರು ದಿನದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟ್ ಅಂದರೆ ಒಂದು ಇಂಚು. ಹೂಮಳೆ ಎಷ್ಟು ಬಿತ್ತು, ಅದಾದ ಮೇಲಿನ ಮಳೆ ಎಷ್ಟು ದಿನಕ್ಕೆ ಬಂತು ಅನ್ನುವುದರ ಮೇಲೆ ಆ ವರ್ಷದ ಫಸಲು ನಿಂತಿರುತ್ತದೆ. ಕೆಲವು ವರ್ಷದ ಹಿಂದೆ ಮಾವ ಒಂದು ಆಟೊಮ್ಯಾಟಿಕ್ ಮಳೆ ಮಾಪಕ ತಂದರು. ಅದರೊಳಗೆ ಪುಟ್ಟ ಬಟ್ಟಲು ಇರುತ್ತದೆ. ನೀರು ತುಂಬಿದಾಗ ಅದು ವಾಲುತ್ತದೆ. ಒಂದು ಸಲ ವಾಲಿದರೆ 0.2 ಮಿಲಿಮೀಟರ್ ಮಳೆ. ಪ್ರತಿ 15 ನಿಮಿಷಕ್ಕೆ ಎಷ್ಟು ಸಲ ವಾಲಿತು ಅನ್ನುವ ಎಣಿಕೆಯನ್ನು ಮಾಪಕ ಒಂದು ಬೈಟಿನಲ್ಲಿ ಬರೆದಿಡುತ್ತದೆ. ಆ ಫೈಲ್ ಓದಿ, ಮಧ್ಯೆ ತಪ್ಪಿದ ಹೊತ್ತುಗಳನ್ನು ಗುರುತಿಸಿ, ದಿನದ ಮಳೆ ಲೆಕ್ಕ ಹಾಕೋದಕ್ಕೆ ನಾನು ಪೈಥಾನಿನಲ್ಲಿ ಕೋಡ್ ಬರೆದೆ. ವೇಗಕ್ಕೆ ಬೇಕಾದ ಭಾಗವನ್ನು ಸೈಥಾನಿನಲ್ಲಿ ಬರೆದೆ. ಪೈಥಾನಿನಂಥ ಕೋಡನ್ನು ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ಇಳಿಸಿ, ವೇಗ ಕೊಡುವ ಉಪಕರಣ ಅದು. ಬೇರೆಯವರಿಗೂ ಆಗಲಿ ಅಂತ ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರವಾದ ಪೈಪಿಐಗೆ ಹಾಕಿದೆ. ನಿಧಾನಕ್ಕೆ ಸಂಶೋಧನಾ ವಿದ್ಯಾರ್ಥಿಗಳು, ಕ್ಷೇತ್ರ ಕೇಂದ್ರದವರು, ಎಲ್ಲಿಯವರೋ ಗೊತ್ತಿಲ್ಲದವರೂ ಬಳಸತೊಡಗಿದರು.

2024ರ ಜೂನ್ 16, ಭಾನುವಾರ ನಂಪೈ 2.0 ಬಂತು. 1.0 ಬಂದದ್ದು 2006ರಲ್ಲಿ. 18 ವರ್ಷದ ಮೇಲೆ ಮೊದಲ ದೊಡ್ಡ ನಂಬರು ಬದಲಾದದ್ದು. ಸುದ್ದಿ ಇರಲಿಲ್ಲ ಅಂತ ಹೇಳಲಾರೆ. ಮಾರ್ಚಿನಲ್ಲೇ ಬೀಟಾ ಬಂದಿತ್ತು. ಪಾಂಡಾಸ್, ಸೈಪೈ ತರಹದ ದೊಡ್ಡ ಲೈಬ್ರರಿಗಳು ಏಪ್ರಿಲ್ ಹೊತ್ತಿಗೇ ತಯಾರಾಗಿದ್ದವು. ನಾನು ಮಾತ್ರ ಪುರುಸೊತ್ತಾದಾಗ ನೋಡೋಣ ಅಂತ ಮುಂದಕ್ಕೆ ಹಾಕಿದ್ದೆ. ಸೋಮವಾರ ಬೆಳಿಗ್ಗೆ ಮೇಲ್ ತೆರೆದರೆ ನಾಲ್ಕು ದೂರು. ಮೂರರಲ್ಲಿ ಒಂದೇ ಸಂದೇಶ: ನಂಪೈ 1.x ಬಳಸಿ ಕಂಪೈಲ್ ಮಾಡಿದ ಮಾಡ್ಯೂಲ್ 2.0.0ರಲ್ಲಿ ಓಡದು, ಕ್ರ್ಯಾಶ್ ಆಗಬಹುದು. ಇನ್ನೊಬ್ಬರಿಗೆ ಡಿಟೈಪಿನ (ಸಂಖ್ಯೆಯ ಬಗೆ ಹೇಳುವ ನಂಪೈ ರಚನೆಯ) ಅಳತೆ 96 ಇರಬೇಕಿತ್ತು, 88 ಸಿಕ್ಕಿತು ಅಂತ ಬಂದಿತ್ತು.

ಇದು ಯಾಕೆ ಆಗುತ್ತದೆ ಅಂದರೆ, ಕಂಪೈಲ್ ಆದ ಕೋಡ್ ಹೆಸರು ಹಿಡಿದು ಹುಡುಕುವುದಿಲ್ಲ, ಜಾಗ ಹಿಡಿದು ಹುಡುಕುತ್ತದೆ. ಅಡುಗೆಮನೆಯಲ್ಲಿ ಎಡಗಡೆ ಮೂರನೇ ಡಬ್ಬಿ ಸಕ್ಕರೆ ಅಂತ ಕತ್ತಲಲ್ಲೂ ಕೈ ಹಾಕುತ್ತೇವಲ್ಲ, ಹಾಗೆ. 2.0ರಲ್ಲಿ ಡಬ್ಬಿಗಳನ್ನು ಹೊಸದಾಗಿ ಜೋಡಿಸಿದ್ದಾರೆ. ಹಳೆಯ ಜೋಡಣೆ ನೆನಪಿಟ್ಟುಕೊಂಡ ಕೋಡ್ ಕೈ ಹಾಕಿದರೆ ಸಿಗುವುದು ಇನ್ನೇನೋ. ಅದಕ್ಕೇ ನಂಪೈ ಮೊದಲೇ ತಡೆದು ಎಚ್ಚರಿಕೆ ಕೊಡುತ್ತದೆ.

ಅವತ್ತು ರಾತ್ರಿಯೇ ಒಂದು ತುರ್ತು ರಿಲೀಸ್ ಮಾಡಿದೆ. ಬದಲಾವಣೆ ಒಂದೇ ಒಂದು: ನಂಪೈ ಬೇಕು, ಆದರೆ 2ಕ್ಕಿಂತ ಕಮ್ಮಿ ಇರಬೇಕು ಅನ್ನುವ ಮಿತಿ. ಬಹುಮಂದಿ ಮಾಡಿದ್ದೂ ಇದನ್ನೇ. ಮುಗಿಯಿತು ಅಂದುಕೊಂಡು ಮಲಗಿದೆ.

ಮೂರು ದಿನ ಬಿಟ್ಟು ಅದೇ ದೂರು ಮತ್ತೆ ಬಂತು. ನೋಡಿದರೆ ಆ ಮನುಷ್ಯ ಹಾಕಿಕೊಂಡಿದ್ದು ನನ್ನ ಹೊಸ ರಿಲೀಸ್ ಅಲ್ಲ, ಅದರ ಹಿಂದಿನದು. ಅವರ ಪ್ರಾಜೆಕ್ಟಿನಲ್ಲಿ ಬೇರೆ ಏನೋ ಒಂದಕ್ಕೆ ನಂಪೈ 2 ಬೇಕೇ ಬೇಕಿತ್ತು. ಪ್ಯಾಕೇಜುಗಳನ್ನು ಇಳಿಸಿ ಹಾಕುವ ಪಿಪ್ ಅನ್ನುವ ಉಪಕರಣ ನನ್ನ ಹೊಸ ರಿಲೀಸ್ ನೋಡಿತು, 2 ಆಗದು ಅಂತ ಬರೆದಿದೆ. ಹಿಂದಿನದನ್ನು ನೋಡಿತು, ಅಲ್ಲಿ ಮಿತಿಯೇ ಇಲ್ಲ. ಸರಿ, ಅದನ್ನೇ ಹಾಕಿತು. ಇಂಪೋರ್ಟ್ ಮಾಡಿದ ತಕ್ಷಣ ಬಿತ್ತು. ಪಿಪ್ ಮಾಡಿದ್ದರಲ್ಲಿ ತಪ್ಪಿಲ್ಲ. ಹಳೆಯ ರಿಲೀಸಿನಲ್ಲಿ ನಾನೇ ಯಾವ ಹೊಸ ನಂಪೈ ಆದರೂ ಆಗುತ್ತದೆ ಅಂತ ಬರೆದಿದ್ದೆ.

ಇದನ್ನು ಗಮನದಲ್ಲಿಟ್ಟುಕೊಳ್ಳಿ. ಪೈಪಿಐಯಲ್ಲಿ ಒಮ್ಮೆ ಹಾಕಿದ ರಿಲೀಸಿನ ವಿವರವನ್ನು ಆಮೇಲೆ ತಿದ್ದೋದಕ್ಕೆ ಆಗುವುದಿಲ್ಲ. ಕೊಂಡಾ ಫೋರ್ಜ್ ಅನ್ನುವ ಇನ್ನೊಂದು ಭಂಡಾರದಲ್ಲಿ ಹಳೆಯ ಪ್ಯಾಕೇಜುಗಳ ವಿವರಕ್ಕೂ ತೇಪೆ ಹಾಕುವ ವ್ಯವಸ್ಥೆ ಇದೆ. ಪೈಪಿಐಯಲ್ಲಿ ಉಳಿಯುವುದು ಯ್ಯಾಂಕ್ ಮಾಡುವುದು ಮಾತ್ರ. ಯ್ಯಾಂಕ್ ಮಾಡಿದ ರಿಲೀಸನ್ನು ಪಿಪ್ ತಾನಾಗಿ ಆರಿಸುವುದಿಲ್ಲ, ಅದೇ ನಂಬರು ಬೇಕು ಅಂತ ಬರೆದವರಿಗೆ ಮಾತ್ರ ಕೊಡುತ್ತದೆ. ನನ್ನ ಹನ್ನೊಂದು ಹಳೆಯ ರಿಲೀಸಿಗೂ ಮಿತಿ ಇರಲಿಲ್ಲ. ಒಂದನ್ನು ಮುಚ್ಚಿದರೆ ಪಿಪ್ ಅದರ ಹಿಂದಿನದಕ್ಕೆ ಹೋಗುತ್ತದೆ. ಹನ್ನೊಂದನ್ನೂ ಮುಚ್ಚಿದರೆ ಹಳೆಯ ಪೈಥಾನ್ ಇಟ್ಟುಕೊಂಡವರಿಗೆ ಏನೂ ಸಿಗುವುದಿಲ್ಲ. ಎರಡು ದಿನ ಯೋಚನೆ ಮಾಡಿ ಮುಚ್ಚುವುದು ಬೇಡ ಅಂತ ತೀರ್ಮಾನಿಸಿದೆ. ಮಿತಿ ಹಾಕುವುದು ಗಾಯಕ್ಕೆ ಬಟ್ಟೆ ಕಟ್ಟಿದ ಹಾಗೆ, ಅಷ್ಟೇ. ನಿಜವಾದ ಕೆಲಸ ಎರಡಕ್ಕೂ ಒಗ್ಗುವ ಕೋಡ್ ಬರೆಯುವುದೇ.

ಹಳೆಯದನ್ನು ಬಿಟ್ಟು ಬರೀ 2 ಅಂತ ಹೇಳಿಬಿಡಿ, ಸುಲಭ ಆಗುತ್ತದಲ್ಲ, ಅಂತ ಇಬ್ಬರು ಸಲಹೆ ಕೊಟ್ಟರು. ಆಗುತ್ತಿತ್ತು. ಆದರೆ ಅದೇ ವಾರ ಒಂದು ಕ್ಷೇತ್ರ ಕೇಂದ್ರದ ಸಂಶೋಧನಾ ವಿದ್ಯಾರ್ಥಿಯೊಬ್ಬರು ಬರೆದಿದ್ದರು: "ಮೇಡಂ, ನಮ್ಮಲ್ಲಿರೋದು ಉಬುಂಟು 22.04. ಅಡ್ಮಿನ್ ಪಾಸ್‌ವರ್ಡ್ ನಮಗೆ ಕೊಟ್ಟಿಲ್ಲ. ಅಲ್ಲಿ ನೆಟ್ ಕೂಡ ಇಲ್ಲ. ಪೆನ್‌ಡ್ರೈವಲ್ಲಿ ನಿಮ್ಮ ವೀಲ್ ಫೈಲ್ ತಗೊಂಡು ಹೋಗಿ ಹಾಕ್ತೀವಿ. ದಯವಿಟ್ಟು ಹಳೇದನ್ನ ಬಿಡಬೇಡಿ." ವೀಲ್ ಅಂದರೆ ಕಂಪೈಲ್ ಮಾಡಿ ಸಿದ್ಧವಾಗಿಟ್ಟ ಪ್ಯಾಕೇಜ್ ಫೈಲ್, ಉಬುಂಟು ಅಂದರೆ ಲಿನಕ್ಸಿನ ಒಂದು ಬಗೆ. ಉಬುಂಟು 22.04ರ ಜೊತೆ ಬರುವುದು ಪೈಥಾನ್ 3.10, ನಂಪೈ 1.21.5. ಅಂಥ ಕಡೆ ಮಳೆ ಅಳೆಯುವವರಿಗೇ ನನ್ನ ಲೈಬ್ರರಿ ಜಾಸ್ತಿ ಬೇಕಾಗಿರುವುದು. ಅವರನ್ನು ಬಿಟ್ಟು ಹೋಗೋದಕ್ಕೆ ಮನಸ್ಸಾಗಲಿಲ್ಲ.

ಕೆಲಸದ ಮೊದಲ ಭಾಗ ನಿಜಕ್ಕೂ ಸಲೀಸು. ಕೋಡಿನ ತಪ್ಪು ಹುಡುಕುವ ರಫ್ ಅನ್ನುವ ಉಪಕರಣದಲ್ಲಿ ಎನ್‌ಪಿವೈ201 ಅಂತ ಒಂದು ನಿಯಮ ಇದೆ. ಅದನ್ನು ಓಡಿಸಿದರೆ 2.0ರಲ್ಲಿ ಕಿತ್ತುಹಾಕಿದ ಹೆಸರುಗಳನ್ನು ಹುಡುಕಿ ತೋರಿಸುತ್ತದೆ, ಎಷ್ಟೋ ಕಡೆ ತಾನೇ ತಿದ್ದುತ್ತದೆ. ದೊಡ್ಡಕ್ಷರದ ನ್ಯಾನ್, ಅಂಡರ್‌ಸ್ಕೋರ್ ಇರುವ ಫ್ಲೋಟ್, ಪ್ರಾಡಕ್ಟ್, ಆಲ್‌ಟ್ರೂ ಇಂಥವೆಲ್ಲ ಹೋದವು. ನನ್ನ ಕೋಡಿನಲ್ಲಿ 23 ಕಡೆ ಸಿಕ್ಕಿತು. ಹತ್ತು ನಿಮಿಷದ ಕೆಲಸ.

ಎರಡನೆಯದು ಬಿಲ್ಡ್, ಅಂದರೆ ಕಂಪೈಲ್ ಮಾಡಿ ವೀಲ್ ತಯಾರಿಸುವುದು. ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ, ನಾನೂ ಬಿದ್ದೆ. ಹಿಂದೆಲ್ಲ ಪಾಠ ಏನಿತ್ತು? ಕಂಪೈಲ್ ಮಾಡುವಾಗ ಸಾಧ್ಯವಾದಷ್ಟು ಹಳೆಯ ನಂಪೈ ಇಟ್ಟುಕೊಳ್ಳಿ, ಆಗ ಎಲ್ಲ ಹೊಸದರಲ್ಲೂ ಓಡುತ್ತದೆ. ಅದಕ್ಕಂತಲೇ ಓಲ್ಡೆಸ್ಟ್ ಸಪೋರ್ಟೆಡ್ ನಂಪೈ ಅನ್ನುವ ಪ್ಯಾಕೇಜ್ ಕೂಡ ಇತ್ತು. ಈಗ ಪೂರ್ತಿ ಉಲ್ಟಾ. 2.0 ಇಟ್ಟುಕೊಂಡು ಕಂಪೈಲ್ ಮಾಡಿದರೆ ಆ ಒಂದೇ ವೀಲ್ 1.19ರಿಂದ ಹಿಡಿದು 2ರ ತನಕ ಓಡುತ್ತದೆ. ಅಂದರೆ ಪ್ಯಾಕೇಜಿನ ವಿವರ ಬರೆಯುವ ನಿಮ್ಮ ಪೈಪ್ರಾಜೆಕ್ಟ್ ಫೈಲಿನಲ್ಲಿ ಎರಡು ಕಡೆ ಎರಡು ಬೇರೆ ಮಾತು ಇರುತ್ತದೆ. ಬಿಲ್ಡ್ ಮಾಡೋದಕ್ಕೆ ಏನು ಬೇಕು ಅನ್ನುವಲ್ಲಿ 2.0 ಅಥವಾ ಹೆಚ್ಚಿನದು. ಓಡೋದಕ್ಕೆ ಏನು ಬೇಕು ಅನ್ನುವಲ್ಲಿ ನೀವು ಮಾತು ಕೊಟ್ಟ ಹಳೆಯದು, ನನ್ನ ಮಟ್ಟಿಗೆ 1.21.5. ಇವೆರಡೂ ಒಂದೇ ಇರಬೇಕು ಅಂದುಕೊಂಡು ನಾನು ಒಂದು ಶನಿವಾರ ಪೂರ್ತಿ ಕಳೆದೆ. ಇದರ ಜೊತೆಗೇ ಸೈಥಾನನ್ನೂ 3ಕ್ಕೆ ಏರಿಸಿದೆ.

ಮೊದಲು ನನ್ನ ಫೈಲಿನಲ್ಲಿ ಇದ್ದದ್ದು 1.19 ಅಥವಾ ಹೆಚ್ಚಿನದು ಅಂತ. ಪಿಪ್ ತರಹದ ಯುವಿ ಅನ್ನುವ ಉಪಕರಣ ಬಳಸಿ, ನೇರ ಡಿಪೆಂಡೆನ್ಸಿಗಳ (ನನ್ನ ಕೋಡ್ ಓಡೋದಕ್ಕೆ ಬೇಕಾದ ಬೇರೆ ಲೈಬ್ರರಿಗಳ) ಅತಿ ಹಳೆಯ ವರ್ಷನ್ ಹಾಕು ಅಂತ ಹೇಳಬಹುದು, ಲೋಯೆಸ್ಟ್ ಡೈರೆಕ್ಟ್ ಅಂತ ಅದರ ಹೆಸರು. ಹಾಗೆ ಮಾಡಿದ ಮೊದಲ ದಿನವೇ ಇನ್‌ಸ್ಟಾಲ್ ಬಿತ್ತು. ಪೈಥಾನ್ 3.10ಕ್ಕೆ 1.19ರ ವೀಲೇ ಇಲ್ಲ. ಅಂದರೆ ಇಷ್ಟು ವರ್ಷ ನಾನು ಯಾವತ್ತೂ ಪರೀಕ್ಷೆ ಮಾಡದ ನಂಬರನ್ನು ಬರೆದಿಟ್ಟಿದ್ದೆ. ನೋಡಿ ಬೇಜಾರಾಯಿತು. ಪೆನ್‌ಡ್ರೈವ್ ಹಿಡಿದುಕೊಂಡು ಹೋಗುವವರು ಆ ನಂಬರನ್ನು ನಂಬಿಕೊಂಡೇ ಹೋಗುತ್ತಾರೆ.

ಹಳೆಯ ತುದಿಯಲ್ಲಿ ಇನ್ನೊಂದು ಸಮಸ್ಯೆ ಕಾದಿತ್ತು. ಆಕ್ಸಿಸ್ ಎರರ್ ಅನ್ನುವ ದೋಷದ ಹೆಸರು 2.0ರಲ್ಲಿ ಮುಖ್ಯ ಜಾಗದಿಂದ ಹೋಗಿದೆ, ಎಕ್ಸೆಪ್ಷನ್ಸ್ ಅನ್ನುವ ಒಳ ಮಾಡ್ಯೂಲಿನಲ್ಲಿದೆ. ಮಾರ್ಗದರ್ಶಿಯಲ್ಲಿ ಹೇಳಿದ ಹಾಗೆ ಬದಲಾಯಿಸಿದೆ. 2.0ರಲ್ಲಿ ಚೆನ್ನಾಗಿ ಓಡಿತು, 1.21ರಲ್ಲಿ ಬಿತ್ತು. ಆ ಒಳ ಮಾಡ್ಯೂಲ್ ಬಂದದ್ದೇ 1.25ರಲ್ಲಿ. ವಕ್ರರೇಖೆಯ ಕೆಳಗಿನ ವಿಸ್ತೀರ್ಣ ಲೆಕ್ಕ ಹಾಕುವ ಟ್ರ್ಯಾಪ್ಜ್ ಕಥೆಯೂ ಇದೇ. 2.0ರಲ್ಲಿ ಅದಕ್ಕೆ ಟ್ರೆಪಿಜಾಯ್ಡ್ ಅಂತ ಹೊಸ ಹೆಸರು, ಹಳೆಯ ಹೆಸರು ಹಿಡಿದರೆ ಎಚ್ಚರಿಕೆ. ಹೊಸ ಹೆಸರು 1.xನಲ್ಲಿ ಇಲ್ಲವೇ ಇಲ್ಲ.

ಇಂಥವನ್ನೆಲ್ಲ ಕಂಪ್ಯಾಟ್ ಅನ್ನುವ ಒಂದೇ ಫೈಲಿಗೆ ತಂದೆ. ಬೇರೆ ಎಲ್ಲೂ ನಂಪೈ ವರ್ಷನ್ ಬಗ್ಗೆ ಮಾತಿಲ್ಲ. ಫೈಲಿನಲ್ಲೂ ವರ್ಷನ್ ನಂಬರು ನೋಡುವುದಿಲ್ಲ. ಹೊಸ ಹೆಸರು ಇದೆಯಾ ಅಂತ ಕೇಳುವುದು, ಇಲ್ಲದಿದ್ದರೆ ಹಳೆಯದನ್ನು ಹೊಸ ಹೆಸರಿನಲ್ಲಿ ಕರೆಯುವುದು. ನಂಬರನ್ನು ಅಕ್ಷರಗಳ ಹಾಗೆ ಹೋಲಿಸಿದರೆ 1.9 ಎನ್ನುವುದು 1.19ಕ್ಕಿಂತ ದೊಡ್ಡದು ಅಂತ ಬರುತ್ತದೆ, ಆ ತಪ್ಪನ್ನು ನಾನು ಎಷ್ಟು ಕಡೆ ನೋಡಿದ್ದೇನೋ. ಪ್ರತಿ ತುಣುಕಿನ ಮೇಲೂ ಇದನ್ನು ಯಾವಾಗ ತೆಗೆಯಬಹುದು ಅಂತ ಒಂದು ಸಾಲು ಬರೆದೆ. ಹಾಗೆ ಬರೆಯದಿದ್ದರೆ ಮೂರು ವರ್ಷದ ಮೇಲೆ ಯಾರಿಗೂ ಕೈ ಹಾಕುವ ಧೈರ್ಯ ಬರುವುದಿಲ್ಲ.

ವಿಂಡೋಸ್ ವಿಷಯಕ್ಕೆ ಎರಡು ವಾರಾಂತ್ಯ ಹೋಯಿತು. ನನ್ನ ಹತ್ತಿರ ವಿಂಡೋಸ್ ಇಲ್ಲ. ಕೋಡ್ ಇಡುವ ಗಿಟ್‌ಹಬ್ ಜಾಲತಾಣಕ್ಕೆ ತಳ್ಳಿ, ಅಲ್ಲಿ ಟೆಸ್ಟ್ ಓಡುವ ತನಕ ಕಾದು, ಕೆಂಪು (ಅಂದರೆ ಫೇಲ್) ಬಂದರೆ ಮತ್ತೆ ತಿದ್ದಿ ತಳ್ಳುವುದು. ಒಂದೊಂದು ಸುತ್ತಿಗೆ 20 ನಿಮಿಷ. ಕೊನೆಗೆ ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪ್ ಕೇಳಿ ತಂದೆ. ತೊಂದರೆ ಇಷ್ಟೇ: 64 ಬಿಟ್ ವಿಂಡೋಸಿನಲ್ಲಿ ನಂಪೈ 1.xನ ಸಾಮಾನ್ಯ ಪೂರ್ಣಾಂಕ 32 ಬಿಟ್ ಇತ್ತು, 2.0ರಲ್ಲಿ 64 ಬಿಟ್ ಆಗಿದೆ. ನನ್ನ ಸೈಥಾನ್ ಕೋಡಿನಲ್ಲಿ ಲಾಂಗ್ ಅಂತ ಬರೆದಿದ್ದೆ. ಲಾಂಗ್ ಅಂದುಕೊಂಡಿದ್ದೆ, ಲಾಂಗ್ ಲಾಂಗ್ ಸಿಕ್ಕಿತು ಅಂತ ದೋಷ. ಎರಡೂ ಕಡೆ ಬಾಯಿಬಿಟ್ಟು ಇಂಟ್64 (64 ಬಿಟ್ ಪೂರ್ಣಾಂಕ) ಅಂತ ಬರೆದ ಮೇಲೆ ಸರಿಹೋಯಿತು.

ಇದೆಲ್ಲ ನನ್ನ ಕೈಯಲ್ಲಿದ್ದ ಕೆಲಸ. ಕೈಯಲ್ಲಿ ಇಲ್ಲದ್ದೂ ಒಂದಿತ್ತು. ನನ್ನ ಲೈಬ್ರರಿ ಇನ್ನೊಂದು ಪುಟ್ಟ ಲೈಬ್ರರಿಯ ಮೇಲೆ ನಿಂತಿದೆ, ಅದರಲ್ಲೂ 2ಕ್ಕಿಂತ ಕಮ್ಮಿ ಅನ್ನುವ ಮಿತಿ ಇತ್ತು. ಅದು ಬದಲಾಗದೆ ನಾನು ಏನು ಮಾಡಿದರೂ ಪಿಪ್ ಒಪ್ಪುವುದಿಲ್ಲ. ಜುಲೈ ಮೊದಲಲ್ಲಿ ಅವರಿಗೆ ತಿದ್ದುಪಡಿ ಕಳಿಸಿದೆ. ಒಂದು ವಾರ, ಎರಡು ವಾರ, ಉತ್ತರ ಇಲ್ಲ. ದಿನಾ ಬೆಳಿಗ್ಗೆ ಮೊದಲು ಅದನ್ನೇ ನೋಡುತ್ತಿದ್ದೆ. ಮತ್ತೆ ಕೇಳಲಾ ಬೇಡವಾ ಅಂತ ಸಂಕೋಚ. ಐದು ವಾರದ ಮೇಲೆ ಉತ್ತರ ಬಂತು. ಆ ಲೈಬ್ರರಿಯನ್ನೂ ನೋಡಿಕೊಳ್ಳುವವರು ಒಬ್ಬರೇ, ಮನೆಯಲ್ಲಿ ಯಾರಿಗೋ ಹುಷಾರಿರಲಿಲ್ಲವಂತೆ. ತಡವಾಯಿತು, ಕ್ಷಮಿಸಿ ಅಂತ ಬರೆದಿದ್ದರು. ನನ್ನ ತಿದ್ದುಪಡಿಯ ಜೊತೆ ಟೆಸ್ಟ್ ಇದ್ದದ್ದರಿಂದ ಎರಡೇ ದಿನದಲ್ಲಿ ರಿಲೀಸ್ ಮಾಡಿದರು. ನೀವೂ ಯಾರಿಗಾದರೂ ಕಳಿಸುವುದಾದರೆ ಟೆಸ್ಟ್ ಸೇರಿಸಿಯೇ ಕಳಿಸಿ. ಎರಡು ತುದಿಯಲ್ಲೂ ಓಡಿಸಿ ನೋಡಿದ್ದೇನೆ ಅಂತ ಒಂದು ಮಾತು ಬರೆಯಿರಿ. ಒಬ್ಬರೇ ನಡೆಸುವವರಿಗೆ ಅದು ಎಷ್ಟು ಹಗುರ ಮಾಡುತ್ತದೆ ಅಂತ ನನಗೆ ಗೊತ್ತು. ಕಾಯುತ್ತಿದ್ದಾಗಲೇ ಆ ಡಿಪೆಂಡೆನ್ಸಿಯನ್ನು ಐಚ್ಛಿಕ ಮಾಡಿದೆ, ಮುಂದಿನ ಸಲ ಹೀಗೆ ಸಿಕ್ಕಿಕೊಳ್ಳಬಾರದು ಅಂತ.

ಸೆಪ್ಟೆಂಬರಿನಲ್ಲಿ ಎಲ್ಲ ಟೆಸ್ಟೂ ಹಸಿರು. 1.21.5ರಲ್ಲೂ ಹಸಿರು, 2.1ರಲ್ಲೂ ಹಸಿರು. ರಿಲೀಸ್ ಮಾಡಿದೆ. ಇಬ್ಬರು ಮೂವರು ಥ್ಯಾಂಕ್ಸ್ ಹೇಳಿದರು. ಮಾವನ ಲ್ಯಾಪ್‌ಟಾಪಿನಲ್ಲೂ ಹೊಸದನ್ನೇ ಹಾಕಿಕೊಟ್ಟೆ, ನಂಪೈ 2.1ರ ಜೊತೆ.

ಅಕ್ಟೋಬರ್ ಎರಡನೇ ವಾರ ಮಾವನ ಫೋನ್. ಹಿಂದಿನ ಸಂಜೆ ಗುಡುಗು ಸಮೇತ ಭಾರಿ ಮಳೆ ಹೊಡೆದಿತ್ತಂತೆ. ಮಾವ ಆಟೊಮ್ಯಾಟಿಕ್ ಮಾಪಕ ಬಂದ ಮೇಲೂ ಅಂಗಳದ ಹಳೆಯ ಮಾಪಕವನ್ನು ಬಿಟ್ಟಿಲ್ಲ. ಬೆಳಿಗ್ಗೆ ಎದ್ದು, ಡಬ್ಬದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಪುಸ್ತಕದಲ್ಲಿ ಬರೆಯುತ್ತಾರೆ.

"ನೋಡು ಮಾರಾಯ್ತಿ, ನನ್ನ ಅಳತೇಲಿ ನಾಲ್ಕು ಇಂಚು ಇಪ್ಪತ್ತು ಸೆಂಟ್ ಬಂದಿದೆ. ನಿನ್ನ ಕಂಪ್ಯೂಟರಲ್ಲಿ ಮೂರು ಹತ್ತೊಂಬತ್ತು ತೋರಿಸ್ತಿದೆ. ಐದು ಹತ್ತು ಸೆಂಟ್ ಆಚೆ ಈಚೆ ಆದ್ರೆ ಸರಿ. ಒಂದು ಇಂಚು ಎಲ್ಲಿ ಹೋಯ್ತು?"

ಮಾಪಕದಲ್ಲಿ ಎಲೆ ಸಿಕ್ಕಿಕೊಂಡಿರಬೇಕು ಮಾವ, ಅಂದೆ. "ಎಲೆ ಇಲ್ಲ, ನಾನೇ ಬಿಚ್ಚಿ ನೋಡಿದೀನಿ" ಅಂದರು. ಫೈಲ್ ಕಳಿಸಿ ಅಂದೆ. ಅವತ್ತು ರಾತ್ರಿ ಒಂದೊಂದೇ ಸಾಲು ನೋಡುತ್ತಾ ಹೋದೆ. ಸಂಜೆಯ ಒಂದು 15 ನಿಮಿಷದಲ್ಲಿ ಬಟ್ಟಲು 130 ಸಲ ವಾಲಿದೆ. ಅಂದರೆ 26 ಮಿಲಿಮೀಟರ್. ನನ್ನ ಲೈಬ್ರರಿ ಅಲ್ಲಿ ತೋರಿಸಿದ್ದು 0.4.

ನನ್ನ ಕೋಡ್ ಮಾಡುವುದು ಇಷ್ಟು. ಎಣಿಕೆಯನ್ನು 2ರಿಂದ ಗುಣಿಸಿ, ಮಿಲಿಮೀಟರಿನ ಹತ್ತನೇ ಒಂದು ಭಾಗದಲ್ಲಿ, 64 ಬಿಟ್‌ನ ಇನ್ನೊಂದು ಅರೇಗೆ (ಸಂಖ್ಯೆಗಳ ಪಟ್ಟಿಗೆ) ಬರೆಯುವುದು. ಒಂದೊಂದೇ ಎಣಿಕೆ ತೆಗೆದು ಗುಣಿಸುತ್ತದೆ, ಯಾಕೆಂದರೆ ಮಧ್ಯೆ ಹೊತ್ತು ತಪ್ಪಿದೆಯಾ ಅಂತ ನೋಡಬೇಕು. ಎಣಿಕೆ ಒಂದು ಬೈಟಿನದು, ಅದರಲ್ಲಿ 255ರ ತನಕ ಮಾತ್ರ ಹಿಡಿಯುತ್ತದೆ. ನಂಪೈ 1.xನಲ್ಲಿ ಒಂದು ಬೈಟಿನ ಒಂಟಿ ಸಂಖ್ಯೆಯನ್ನು ಪೈಥಾನಿನ ಮಾಮೂಲಿ 2ರಿಂದ ಗುಣಿಸಿದರೆ ಉತ್ತರ 64 ಬಿಟ್‌ಗೆ (ವಿಂಡೋಸಿನಲ್ಲಿ 32ಕ್ಕೆ) ಹಿಗ್ಗುತ್ತಿತ್ತು. 130 ಎರಡಲ 260. 2.0ರಲ್ಲಿ ನೆಪ್ 50 ಅನ್ನುವ ಹೊಸ ನಿಯಮ ಬಂದಿದೆ. ಪೈಥಾನಿನ ಮಾಮೂಲಿ ಸಂಖ್ಯೆ ನಂಪೈ ಸಂಖ್ಯೆಯ ಅಳತೆಗೆ ತಗ್ಗಿಕೊಳ್ಳಬೇಕು, ಉತ್ತರವೂ ಒಂದೇ ಬೈಟಿನಲ್ಲಿ ಉಳಿಯುತ್ತದೆ. 260ರಲ್ಲಿ 256 ಹೋಯಿತು, 4 ಉಳಿಯಿತು. 256 ಅಂದರೆ 25.6 ಮಿಲಿಮೀಟರ್. ಒಂದು ಇಂಚು 25.4. ಮಾವ ಹೇಳಿದ್ದು ಸರಿಯಾಗಿಯೇ ಇತ್ತು, ಹೋದದ್ದು ಒಂದು ಇಂಚು.

ಆ ರಾತ್ರಿ ನಿದ್ದೆ ಬರಲಿಲ್ಲ. ಕ್ರ್ಯಾಶ್ ಆದರೆ ಜನ ಬೈಯುತ್ತಾರೆ, ಆದರೆ ಗೊತ್ತಾಗುತ್ತದೆ. ಇದು ಗೊತ್ತೇ ಆಗುತ್ತಿರಲಿಲ್ಲ. ಕಾಲು ಗಂಟೆಯಲ್ಲಿ 127ಕ್ಕಿಂತ ಜಾಸ್ತಿ ಸಲ ವಾಲಿದರೆ ಮಾತ್ರ ತಪ್ಪು. ಸಣ್ಣ ಮಳೆಯ ಲೆಕ್ಕ ಎಲ್ಲ ಸರಿ. ತೀರಾ ದೊಡ್ಡ ಮಳೆ, ಯಾವುದನ್ನು ಅಳೆಯೋದಕ್ಕಂತಲೇ ಜನ ಮಾಪಕ ಇಡುತ್ತಾರೋ, ಅದೇ ಮಳೆ ಮಾಯ. ನನ್ನ ಟೆಸ್ಟುಗಳಲ್ಲಿ ಇದ್ದದ್ದು ಬೆಂಗಳೂರಿನ ಒಂದು ಸಾಧಾರಣ ತಿಂಗಳ ಫೈಲ್. ಅದರಲ್ಲಿ ಕಾಲು ಗಂಟೆಗೆ 60 ದಾಟಿದ್ದೇ ಇಲ್ಲ. ಎರಡೂ ತುದಿಯಲ್ಲಿ ಹಸಿರು ಬಂದದ್ದು ಅದಕ್ಕೇ. ನಂಪೈ ಸುಮ್ನೆ ಇರಲಿಲ್ಲ, ಗುಣಾಕಾರದಲ್ಲಿ ಓವರ್‌ಫ್ಲೋ ಆಗಿದೆ ಅಂತ ಒಂದು ಎಚ್ಚರಿಕೆ ಕೊಟ್ಟಿತ್ತು. ಅದು ಮಾವನ ಕಂಪ್ಯೂಟರಿನ ಲಾಗ್ ಫೈಲಿನಲ್ಲಿ ಬಿದ್ದಿತ್ತು. ಯಾರು ನೋಡುತ್ತಾರೆ?

ಬೆಳಿಗ್ಗೆ ಎದ್ದು ಮಾಡಿದ ಮೊದಲ ಕೆಲಸ ಸೆಪ್ಟೆಂಬರಿನ ರಿಲೀಸನ್ನು ಯ್ಯಾಂಕ್ ಮಾಡಿದ್ದು. ಈ ಸಲ ಅನುಮಾನವೇ ಇರಲಿಲ್ಲ. ತಪ್ಪು ಲೆಕ್ಕ ಕೊಡುವುದಕ್ಕಿಂತ ಇನ್‌ಸ್ಟಾಲ್ ಆಗದಿರುವುದು ಮೇಲು. ಕಾರಣವನ್ನು ಅಲ್ಲೇ ಬರೆದೆ. ಬದಲಾವಣೆಗಳ ಪಟ್ಟಿಯ ಮೇಲ್ಭಾಗದಲ್ಲಿ, ನಂಪೈ 2 ಇಟ್ಟುಕೊಂಡು ಈ ವರ್ಷನ್ ಬಳಸಿದ್ದರೆ, 127 ದಾಟಿದ ಎಣಿಕೆ ಇರುವ ದಿನಗಳನ್ನು ಮತ್ತೆ ಲೆಕ್ಕ ಹಾಕಿ ಅಂತ ಬರೆದೆ. ಮೇಲ್ ವಿಳಾಸ ಗೊತ್ತಿದ್ದವರಿಗೆಲ್ಲ ಬೇರೆಯಾಗಿ ತಿಳಿಸಿದೆ. ಒಬ್ಬರು ಆಗಲೇ ವರದಿ ಕೊಟ್ಟಿದ್ದರು, ತಿದ್ದಿ ಕೊಡಬೇಕಾಯಿತು. ಅವರು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ನನಗೇ ತಡೆಯಲಾಗಲಿಲ್ಲ.

ತಿದ್ದುಪಡಿ ಒಂದೇ ಸಾಲು: ಗುಣಿಸುವ ಮೊದಲು ಎಣಿಕೆಯನ್ನು ಇಂಟ್64 ಮಾಡುವುದು. ಆದರೆ ಇಂಥದ್ದು ಇನ್ನೂ ಎಲ್ಲೆಲ್ಲಿ ಅಡಗಿದೆ? ಇದಕ್ಕೆ ನಂಪೈಯವರೇ ಒಂದು ದಾರಿ ಇಟ್ಟಿದ್ದಾರೆ. 1.26ರಲ್ಲಿ ಎನ್‌ಪಿವೈ ಪ್ರೊಮೋಷನ್ ಸ್ಟೇಟ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ವೀಕ್ ಅಂಡ್ ವಾರ್ನ್ ಅಂತ ಕೊಟ್ಟು ಓಡಿಸಿದರೆ, ಹೊಸ ನಿಯಮದಿಂದ ಉತ್ತರ ಎಲ್ಲಿ ಬದಲಾಗುತ್ತದೋ ಅಲ್ಲೆಲ್ಲ ಎಚ್ಚರಿಕೆ ಬರುತ್ತದೆ. ಬೇಡದ ಎಚ್ಚರಿಕೆಯೂ ರಾಶಿ ಬರುತ್ತದೆ. ಮೂರು ಸಂಜೆ ಕೂತು ಒಂದೊಂದನ್ನೂ ನೋಡಿದೆ. ಇನ್ನೂ ಎರಡು ಕಡೆ ಸಿಕ್ಕಿತು. ಈ ಕೆಲಸವನ್ನು ನಾನು ಜೂನಿನಲ್ಲೇ, ಹೆಸರು ಬದಲಾಯಿಸುವುದಕ್ಕೂ ಮೊದಲು ಮಾಡಬೇಕಿತ್ತು. ನೀವು ಹಾಗೇ ಮಾಡಿ.

ಮತ್ತೆ, ಟೆಸ್ಟ್ ಓಡುವಾಗ ಎಚ್ಚರಿಕೆಗಳನ್ನೆಲ್ಲ ದೋಷ ಅಂತ ಎಣಿಸುವ ಹಾಗೆ ಪೈಟೆಸ್ಟ್ ಅನ್ನುವ ಉಪಕರಣಕ್ಕೆ ಹೇಳಿದೆ. ಒಂದು ಬೈಟಿನಲ್ಲಿ ಬರಬಹುದಾದ ಬೆಲೆಗಳು 256 ತಾನೇ? 0ಯಿಂದ 255ರ ತನಕ ಎಲ್ಲವನ್ನೂ ಕೊಟ್ಟು, ಪೈಥಾನಿನ ಮಾಮೂಲಿ ಗುಣಾಕಾರದ ಜೊತೆ ಹೋಲಿಸುವ ಟೆಸ್ಟ್ ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಮಾವನನ್ನು ಕೇಳಿ ಆ ಅಕ್ಟೋಬರ್ ದಿನದ ಫೈಲನ್ನೂ ಟೆಸ್ಟಿಗೆ ಸೇರಿಸಿದೆ. ದಾಖಲೆಯ ಪುಟಗಳಲ್ಲಿದ್ದ ಉದಾಹರಣೆಗಳೂ ಬಿದ್ದವು, ಯಾಕೆಂದರೆ 2.0ರಲ್ಲಿ 2.6 ಅನ್ನುವ ಉತ್ತರದ ಸುತ್ತ ಅದು ಫ್ಲೋಟ್64 ಅನ್ನುವ ಹೆಸರೂ ಮುದ್ರಣವಾಗುತ್ತದೆ. ಅವನ್ನು ಮಾಮೂಲಿ ಫ್ಲೋಟಿಗೆ ಇಳಿಸಿ ಬರೆದೆ, ಎರಡೂ ಕಡೆ ಒಂದೇ ಬರುತ್ತದೆ.

ಅದೇ ಅಕ್ಟೋಬರಿನಲ್ಲಿ ಪೈಥಾನ್ 3.13 ಬಂತು. ಅದಕ್ಕೆ ನಂಪೈ 1.xನ ವೀಲ್ ಇಲ್ಲ. ನನ್ನ ಜೂನಿನ ರಿಲೀಸ್ ಹಾಕಿಕೊಳ್ಳಲು ಹೋದವರಿಗೆ ಪಿಪ್ 1.26.4ನ್ನು ಮೂಲದಿಂದ ಕಂಪೈಲ್ ಮಾಡಲು ಕೂತು, ಎಷ್ಟೋ ಹೊತ್ತಿನ ಮೇಲೆ ಕೈಚೆಲ್ಲುತ್ತಿತ್ತು. ಮೇಲ್ಮಿತಿ ಹಾಕಿ ಮರೆತುಬಿಟ್ಟರೆ ಹೀಗೇ ಆಗುವುದು.

ಪರೀಕ್ಷೆಯ ವ್ಯವಸ್ಥೆಯನ್ನೂ ಬದಲಾಯಿಸಿದೆ. ಮೊದಲು ಎಲ್ಲ ಪೈಥಾನ್, ಎಲ್ಲ ನಂಪೈ, ಮೂರು ಆಪರೇಟಿಂಗ್ ಸಿಸ್ಟಂ ಅಂತ ಹಾಕಿ ನೋಡಿದ್ದೆ. ಹತ್ತಿರ ಹತ್ತಿರ ನಲವತ್ತು ಓಟ. ಸಾರ್ವಜನಿಕ ರೆಪೊಗೆ ಗಿಟ್‌ಹಬ್‌ನಲ್ಲಿ ದುಡ್ಡು ಕೊಡಬೇಕಿಲ್ಲ ನಿಜ, ಆದರೆ ಉಚಿತ ಖಾತೆಯಲ್ಲಿ ಒಟ್ಟಿಗೆ 20 ಓಡುತ್ತವೆ, ಅದರಲ್ಲಿ ಮ್ಯಾಕ್ 5 ಮಾತ್ರ. ಸರದಿ ಕಾಯುವುದೇ ಕೆಲಸ ಆಗುತ್ತಿತ್ತು. ಈಗ ಐದೇ ಇವೆ. ಪೈಥಾನ್ 3.10 ಜೊತೆ ನಂಪೈ 1.21.5, 3.12 ಜೊತೆ 1.26.4, 3.13 ಜೊತೆ ಇತ್ತೀಚಿನದು, ವಿಂಡೋಸಿನಲ್ಲಿ ಒಂದು, ಮ್ಯಾಕಿನಲ್ಲಿ ಒಂದು. ಇದರ ಹೊರಗೆ ವಾರಕ್ಕೊಮ್ಮೆ ನಂಪೈಯ ನೈಟ್ಲಿ ವೀಲ್ (ಇನ್ನೂ ಬಿಡುಗಡೆಯಾಗದ, ತಯಾರಿಯಲ್ಲಿರುವ ವರ್ಷನ್) ಹಾಕಿ ಓಡಿಸುತ್ತೇನೆ. ಅದು ಬಿದ್ದರೆ ರಿಲೀಸ್ ನಿಲ್ಲುವುದಿಲ್ಲ, ನನಗೆ ಮೇಲ್ ಬರುತ್ತದೆ. ಇನ್ನು ಮೇಲೆ ಯಾವ ಸೋಮವಾರ ಬೆಳಿಗ್ಗೆಯೂ ಹಾಗಾಗಬಾರದು.

ಎಲ್ಲಿಯ ತನಕ ಹಳೆಯದನ್ನು ಹಿಡಿದುಕೊಂಡಿರಬೇಕು? ಸ್ಪೆಕ್ 0 ಅನ್ನುವ ಸೈಂಟಿಫಿಕ್ ಪೈಥಾನ್ ಸಮುದಾಯದ ಸೂತ್ರ ಇದೆ. ಪೈಥಾನ್ ವರ್ಷನ್ ಬಂದು 3 ವರ್ಷ, ನಂಪೈ ತರಹದ ಮುಖ್ಯ ಪ್ಯಾಕೇಜುಗಳ ವರ್ಷನ್ ಬಂದು 2 ವರ್ಷ ಆದ ಮೇಲೆ ಬಿಡಬಹುದು. ನಂಪೈ, ಸೈಪೈ ನಡೆಸುವವರಿಗೆ ಅದು ನ್ಯಾಯವಾದ ಸೂತ್ರವೇ, ಅವರ ಮೇಲಿನ ಹೊರೆ ದೊಡ್ಡದು. ನನ್ನ ಲೈಬ್ರರಿ ಚಿಕ್ಕದು, ಕಂಪ್ಯಾಟ್ ಫೈಲ್ 40 ಸಾಲು ದಾಟಿಲ್ಲ. ಹಾಗಾಗಿ ಉಬುಂಟು 22.04ರ ಸಾಮಾನ್ಯ ಬೆಂಬಲ ಮುಗಿಯುವ 2027ರ ತನಕ 1.21.5 ಇರುತ್ತದೆ ಅಂತ ಮೊದಲ ಪುಟದಲ್ಲೇ ಬರೆದಿದ್ದೇನೆ. ದಿನಾಂಕ ಗೊತ್ತಿದ್ದರೆ ಕ್ಷೇತ್ರ ಕೇಂದ್ರದವರು ಅಡ್ಮಿನ್ ಹತ್ತಿರ ಹೋಗಿ ಕೇಳೋದಕ್ಕೂ ಒಂದು ಆಧಾರ ಆಗುತ್ತದೆ.

ಖರ್ಚು ಕೇಳುವವರಿಗೆ: ಕೈಯಿಂದ ದುಡ್ಡು ಹೋಗಲಿಲ್ಲ. ಹೊತ್ತು ಹೋಯಿತು. ಡೈರಿಯಲ್ಲಿ ಬರೆದಿಟ್ಟ ಲೆಕ್ಕ 94 ಗಂಟೆ. ಅದರಲ್ಲಿ ಹೆಸರು ಬದಲಾಯಿಸಿದ್ದು, ಬಿಲ್ಡ್, ವಿಂಡೋಸ್ ಎಲ್ಲ ಸೇರಿ 50. ಉಳಿದದ್ದೆಲ್ಲ ಆ ಒಂದು ಇಂಚಿನ ಹಿಂದೆ.

ಜನವರಿಯಲ್ಲಿ ರಿಲೀಸ್ ಮಾಡುವ ಮುಂಚೆ ಆ ವಿದ್ಯಾರ್ಥಿಗೆ ವೀಲ್ ಫೈಲ್ ಕಳಿಸಿದೆ. ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ಒಮ್ಮೆ ಟೆಸ್ಟ್ ಓಡಿಸಿ ಹೇಳ್ತೀರಾ, ಅಕ್ಟೋಬರ್ ಫೈಲಿಗೆ ಎಷ್ಟು ಬರುತ್ತದೆ ಅಂತ ಬೇರೆಯಾಗಿ ಬರೆಯಿರಿ ಅಂತ ಕೇಳಿಕೊಂಡೆ. ಕೇಂದ್ರಕ್ಕೆ ಅವರು ಹೋಗುವುದು ವಾರಕ್ಕೊಮ್ಮೆ. ಆರು ದಿನ ಕಾದೆ. ಏಳನೇ ದಿನ ಸಂಜೆ ಮೆಸೇಜ್ ಬಂತು: "ಎಲ್ಲ ಪಾಸ್ ಮೇಡಂ. 106.6 ಬಂತು." ನನ್ನ ಲ್ಯಾಪ್‌ಟಾಪಿನಲ್ಲಿ, ನಂಪೈ 2.2ರಲ್ಲಿ, ಆಗಲೇ 106.6 ಬಂದಿತ್ತು.

ಮಾವನಿಗೆ ಫೋನ್ ಮಾಡಿ 106.6 ಮಿಲಿಮೀಟರ್ ಅಂದೆ. "ಅದೆಲ್ಲ ನಂಗೆ ಬೇಡ, ಇಂಚಲ್ಲಿ ಹೇಳು" ಅಂದರು. ನಾಲ್ಕು ಇಪ್ಪತ್ತು, ಅಂದೆ. ಪುಸ್ತಕದ ಹಾಳೆ ತಿರುವುವ ಸದ್ದು ಕೇಳಿತು.

"ಹೂಂ, ಇಲ್ಲೂ ಅದೇ ಇದೆ."